ಸಮುದ್ರದಾಚೆಯ ಮದುವೆಗೆ ಹೊರಡುವ ಮುನ್ನ



ನಮ್ಮ ಅಲ್ಲಾಳಸಂದ್ರದವರಿಗೆ ಒಂದು ಕಾಲಕ್ಕೆ ಮದುವೆಗೆ ಹೊರಡುವುದೆಂದರೆ ಬಳ್ಳಾರಿ ರಸ್ತೆಯ ಅಂಚಿನಲ್ಲಿ ನಿಂತು ದೇವನಹಳ್ಳಿಯ ಕಡೆಗೋ ಚಿಕ್ಕಬಳ್ಳಾಪುರದ ಕಡೆಗೋ ಬಸ್ಸು ಹಿಡಿಯುವುದೆಂದು ಅರ್ಥವಾಗಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಅದೇ ರಸ್ತೆಯು ಹೊರದೇಶಗಳಿಗೆ ಹೆಬ್ಬಾಗಿಲಾಯಿತು. ಈಗ ಥಾಯ್ಲೆಂಡ್, ಬಾಲಿ, ದುಬೈ, ಶ್ರೀಲಂಕೆ ಮೊದಲಾದೆಡೆಗಳಲ್ಲಿ ನಡೆಯುವ ವಿವಾಹಗಳ ಕರೆಯೋಲೆಗಳು ನಮ್ಮ ಮನೆಗಳಿಗೂ ಬರತೊಡಗಿವೆ. 2023ರ ನವೆಂಬರಿನಲ್ಲಿ ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ, ಇಂಥ ಮದುವೆಗಳನ್ನು ದೇಶದೊಳಗೆಯೇ ಮಾಡಿರೆಂದು ಕೇಳಿಕೊಂಡದ್ದು ಓದುಗರಿಗೆ ನೆನಪಿರಬಹುದು. ನಮ್ಮ ಒಲವೂ ಅತ್ತಲೇ. ಆದರೆ ಕರೆದವರು ಒಡಹುಟ್ಟಿದವರ ಮಕ್ಕಳಾಗಿರುವಾಗ ಒಲವನ್ನು ಪಕ್ಕಕ್ಕಿಟ್ಟು ಪೆಟ್ಟಿಗೆ ಕಟ್ಟಬೇಕಾಗುತ್ತದೆ. ಹಾಗೆ ಹೊರಡುವವರಿಗಾಗಿ ಈ ತಿಂಗಳ ಮಾತು.

ಮೊದಲನೆಯದಾಗಿ, ಸಂಕೋಚ ಬಿಟ್ಟು ಕೇಳಬೇಕಾದದ್ದನ್ನು ಕೇಳಿಬಿಡಬೇಕು. ಟಿಕೀಟಿನ ಹಣ ಯಾರದು, ವಸತಿ ಎಷ್ಟು ದಿನ, ಒಂದು ಕೋಣೆಗೆ ಎಷ್ಟು ಮಂದಿ? ಕರೆದವರು ಹೇಳಲು ಹಿಂಜರಿಯುತ್ತಾರೆ, ಹೋಗುವವರು ಕೇಳಲು ನಾಚುತ್ತಾರೆ. ಮದುವೆ ಮುಗಿದ ಮೇಲೆ ಎರಡೂ ಮನೆಗಳಲ್ಲಿ ಕಹಿ ಉಳಿಯುತ್ತದೆ. ಹೋಗಲಾಗದಿದ್ದಲ್ಲಿ ಬೇಗನೆ ತಿಳಿಸುವುದು ಮರ್ಯಾದೆ, ಏಕೆಂದರೆ ಹೊರದೇಶದ ಹೋಟೆಲುಗಳಲ್ಲಿ ಕೋಣೆಗಳನ್ನು ಒಟ್ಟಾಗಿ ಮುಂಗಡ ಕೊಟ್ಟು ಕಾದಿರಿಸಿರುತ್ತಾರೆ. ಗಡುವು ಮೀರಿದ ಮೇಲೆ ಖಾಲಿ ಕೋಣೆಗೂ ಹೆಣ್ಣಿನ ತಂದೆಯೇ ತೆರಬೇಕಾದೀತು.

ಪಾಸ್‌ಪೋರ್ಟಿಗೆ ಮರಳುವ ದಿನದ ಆಚೆಗೂ ಆರು ತಿಂಗಳ ಆಯುಷ್ಯವಿರಲಿ. ನಮ್ಮ ಕಡೆಯ ಹಿರಿಯರಿಗೆ ಇನ್ನೊಂದು ತೊಡಕುಂಟು. ಇನಿಷಿಯಲ್ಲಿನ ಹಿಂದೆ ಒಂದೇ ಹೆಸರು ಬರೆಯುವ ರೂಢಿಯಿಂದಾಗಿ ಹಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಸ್ಥಳವು ಖಾಲಿಯಿರುತ್ತದೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ನಿಯಮ ಮಾಡಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದವರಿಗೆ ಅನಂತರ ರಿಯಾಯಿತಿ ತೋರಿತು. ಆದುದರಿಂದ ಟಿಕೀಟು ತೆಗೆಸುವ ಮೊದಲೇ ಪುಸ್ತಕ ತೆರೆದು ನೋಡಿರಿ, ಅದರಲ್ಲಿರುವ ಅಕ್ಷರಗಳನ್ನೇ ಟಿಕೀಟಿನಲ್ಲೂ ಬರೆಸಿರಿ. ವೀಸಾ ನಿಯಮಗಳಂತೂ ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತವೆ. ಥಾಯ್ಲೆಂಡು 2023ರ ನವೆಂಬರಿನಿಂದ ನಮ್ಮವರಿಗೆ ವೀಸಾ ವಿನಾಯಿತಿ ಕೊಟ್ಟಿತು, 2024ರ ಜುಲೈನಲ್ಲಿ ಅವಧಿಯನ್ನು ಹೆಚ್ಚಿಸಿತು, 2025ರ ಮೇ 1ರಿಂದ ಆಗಮನದ ವಿವರಗಳನ್ನು ಮೊದಲೇ ಕಂಪ್ಯೂಟರಿನಲ್ಲಿ ತುಂಬಬೇಕೆಂದಿತು. ಕಳೆದ ವರ್ಷ ಹೋಗಿ ಬಂದವರ ಮಾತನ್ನು ನಂಬಿ ಹೊರಡಬಾರದು.

ಇನ್ನು ಪೆಟ್ಟಿಗೆಯ ವಿಚಾರ. ಮದುವೆಯ ಸಾಮಗ್ರಿಗಳೇ ಇಲ್ಲಿ ಮುಖ್ಯ ಅಡಚಣೆ. ಕರ್ಪೂರ, ಬೆಂಕಿಪೊಟ್ಟಣಗಳು ವಿಮಾನದಲ್ಲಿ ಸಲ್ಲವು. ಕೊಬ್ಬರಿಯೂ ಎಣ್ಣೆಯಂಶದಿಂದ ಬೇಗ ಹೊತ್ತಿಕೊಳ್ಳುವ ವಸ್ತುವೆಂದು 2022ರಲ್ಲಿ ನಿಷಿದ್ಧ ಪಟ್ಟಿಗೆ ಸೇರಿತು. ಮಡಿಲು ತುಂಬಲು ಕೊಬ್ಬರಿ ಬಟ್ಟಲು ಒಯ್ಯಹೊರಟವರು ಎಚ್ಚರ ವಹಿಸಬೇಕು. ದುಬೈಗೆ ಹೋಗುವವರು ವೀಳ್ಯದೆಲೆಯನ್ನು ಮರೆತುಬಿಡಬೇಕು. ಗಸಗಸೆಯಂತೂ ದುಬೈ, ಸಿಂಗಪುರಗಳಲ್ಲಿ ಮಾದಕ ವಸ್ತುವಿನ ಸಾಲಿಗೆ ಸೇರಿದೆ. ನಮ್ಮ ಹೆಂಗಸರು ಪಾಯಸಕ್ಕೆಂದು ಕಟ್ಟಿಕೊಂಡ ಚಿಕ್ಕ ಪೊಟ್ಟಣವು ಸೆರೆಮನೆಯ ಬಾಗಿಲು ತೋರಿಸಬಲ್ಲುದು. ಉಪ್ಪಿನಕಾಯಿ, ತುಪ್ಪಗಳನ್ನು ಕೈಚೀಲದಲ್ಲಿಡಬಾರದು. ಔಷಧಿಗಳನ್ನು ಮಾತ್ರ ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಿಸಿಕೊಳ್ಳಬೇಕು. ವಿಭೂತಿಯನ್ನು ಪುಡಿಯಾಗಿ ಒಯ್ಯುವುದಕ್ಕಿಂತ ಗಟ್ಟಿಯಾಗಿ ಒಯ್ಯುವುದು ಲೇಸು; ಬಿಳಿಯ ಪುಡಿಯನ್ನು ಕಂಡು ಪ್ರಶ್ನೆ ಕೇಳುವವರನ್ನು ನಾವು ದೂರುವಂತಿಲ್ಲ.

ಇಷ್ಟಲಿಂಗದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನಾವು ಥಾಯ್ಲೆಂಡಿನ ಕಡಲತೀರದ ಊರೊಂದರಲ್ಲಿ ನಡೆದ ಬಂಧುಗಳ ಮದುವೆಗೆ ಹೋಗಿದ್ದೆವು. ಎಪ್ಪತ್ತು ದಾಟಿದ ನಮ್ಮ ದೊಡ್ಡಮ್ಮನವರೂ ಜೊತೆಗಿದ್ದರು. ಮರಳುವ ದಿನ ಅಲ್ಲಿಯ ನಿಲ್ದಾಣದಲ್ಲಿ ತಪಾಸಣೆಯ ಯಂತ್ರವು ಅವರ ಬೆಳ್ಳಿಯ ಕರಡಿಗೆಗೆ ಕೂಗಿಕೊಂಡಿತು. ಅದನ್ನು ತೆಗೆದು ತಟ್ಟೆಯಲ್ಲಿಡಬೇಕೆಂದು ಕಾವಲಿನವರು ಸನ್ನೆ ಮಾಡಿದರು. ದೊಡ್ಡಮ್ಮನವರು ಶಿವದಾರವನ್ನು ಬಿಗಿಯಾಗಿ ಹಿಡಿದುಕೊಂಡು, "ದೀಕ್ಷೆಯಾದಂದಿನಿಂದ ಮೈಯಿಂದ ಬೇರೆ ಮಾಡಿಲ್ಲ ಕಣಪ್ಪ. ನೀವೆಲ್ಲ ಹೊರಡಿ, ನಾನು ಇಲ್ಲೇ ಇರುತ್ತೇನೆ" ಎಂದು ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯಿತು. ನಮ್ಮಲ್ಲಿ ಒಬ್ಬರು ಅದು ಆಭರಣವೆಂದರು, ಇನ್ನೊಬ್ಬರು ತಾಯಿತವೆಂದರು. ಕಾವಲಿನವರ ಸಂಶಯ ಹೆಚ್ಚಿತು. ಅರ್ಧ ಗಂಟೆ ಕಳೆಯಿತು. ಕೊನೆಗೆ, ಇದು ಪೂಜಾವಸ್ತು, ಮರೆಯ ಕೋಣೆಯಲ್ಲಿ ಪರೀಕ್ಷಿಸಿ ಎಂದು ನಮ್ಮ ತಂಡದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಮಹಿಳಾ ಸಿಬ್ಬಂದಿಯೊಬ್ಬರು ಒಳಗೆ ಕರೆದೊಯ್ದರು. ದೊಡ್ಡಮ್ಮನವರು ಕರಡಿಗೆಯನ್ನು ತಾವೇ ತೆರೆದು, ಲಿಂಗವನ್ನು ಅಂಗೈಯ ಮೇಲಿರಿಸಿಕೊಂಡೇ ತೋರಿಸಿದರು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ತಪ್ಪು ಅಲ್ಲಿಯವರದಲ್ಲ, ಮೊದಲೇ ಹೇಳಬೇಕಾದ ಒಂದು ಮಾತನ್ನು ನಾವು ಯಾರೂ ಸಿದ್ಧಪಡಿಸಿಕೊಂಡಿರಲಿಲ್ಲ. ಆದುದರಿಂದ ಪ್ರಯಾಣದ ದಿನ ಲೋಹದ ಕರಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಇಷ್ಟಲಿಂಗವನ್ನು ಲಿಂಗವಸ್ತ್ರದಲ್ಲಿ ಕಟ್ಟಿ ಧರಿಸುವುದು ಉತ್ತಮ. ಆ ಒಂದು ಮಾತನ್ನು ಇಂಗ್ಲಿಷಿನಲ್ಲಿ ಚೀಟಿಯ ಮೇಲೆ ಬರೆಸಿ ಹಿರಿಯರ ಕೈಗೆ ಕೊಟ್ಟಿರಿ. ಯಂತ್ರ ಕೂಗಿದ ಮೇಲಲ್ಲ, ಅದರ ಮುಂದೆ ನಿಲ್ಲುವ ಮೊದಲೇ ಅದನ್ನು ತೋರಿಸಬೇಕು.

ಊಟದಲ್ಲಿ ಹೆಸರನ್ನು ನಂಬಿ ಮೋಸ ಹೋಗಬಾರದು. ವಿಮಾನದ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಎಂದಿರುವುದರಲ್ಲಿ ಮಾಂಸವಿರಬಹುದು. ‘ಏಷ್ಯನ್ ವೆಜಿಟೇರಿಯನ್’ ಎಂಬುದನ್ನು ಒಂದೆರಡು ದಿನ ಮೊದಲೇ ಹೇಳಿರಿಸಬೇಕು. ಥಾಯ್ಲೆಂಡಿನಲ್ಲಿ ತರಕಾರಿಯ ಪಲ್ಯಕ್ಕೂ ಮೀನಿನ ರಸ ಬೆರೆಸುತ್ತಾರೆ. ಅಲ್ಲಿ ‘ಜೇ’ ಎಂದರೆ ಶುದ್ಧ ಸಸ್ಯಾಹಾರವೆಂದು ತಿಳಿಯುತ್ತಾರೆ. ಬಾಲಿಯಲ್ಲಿ ಸಿಗಡಿಯ ತೆರಾಸಿ, ಶ್ರೀಲಂಕೆಯ ಸಂಬಲಿನಲ್ಲಿ ಒಣಮೀನು. ಮದುವೆಯ ಅಡುಗೆಗೆ ನಮ್ಮವರೇ ಬಂದಿದ್ದರೂ ಬೆಳಗಿನ ಉಪಾಹಾರವು ಹೋಟೆಲಿನದೇ ಎಂಬುದನ್ನು ಮರೆಯಬಾರದು. ಒಂದು ಡಬ್ಬಿ ಚಟ್ನಿಪುಡಿ, ನಾಲ್ಕು ಕಟ್ಟು ಖಡಕ್ ರೊಟ್ಟಿ ಎಂಥ ಹೋಟೆಲಿನಲ್ಲೂ ಮಾನ ಕಾಯುತ್ತವೆ.

ರಾತ್ರಿಯ ವಿಮಾನ ಹಿಡಿದವರು ಬೆಳಗಿನ ಜಾವ ತಲಪುತ್ತಾರೆ, ಹೋಟೆಲಿನವರು ಕೋಣೆ ಕೊಡುವುದೋ ಮಧ್ಯಾಹ್ನ ಎರಡಕ್ಕೆ. ಸ್ನಾನ, ಲಿಂಗಪೂಜೆಗಳಿಲ್ಲದೆ ವೃದ್ಧರು ಹಜಾರದ ಸೋಫಾದ ಮೇಲೆ ತೂಕಡಿಸುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇಡೀ ತಂಡಕ್ಕೆ ಒಂದೆರಡು ಕೋಣೆಗಳನ್ನಾದರೂ ಹಿಂದಿನ ರಾತ್ರಿಯಿಂದಲೇ ಹಿಡಿಸುವಂತೆ ಬೀಗರಿಗೆ ಹೇಳಿರಿ. ಕೋಣೆಯಲ್ಲಿ ಊದುಬತ್ತಿ ಹಚ್ಚಿದರೆ ಹೊಗೆಯ ಗಂಟೆ ಬಡಿದುಕೊಂಡು ದಂಡ ಬಿದ್ದೀತು. ಒಂದು ಪ್ಲಾಸ್ಟಿಕ್ ಚೊಂಬನ್ನು ಒಯ್ದವರು ಯಾರೂ ಪಶ್ಚಾತ್ತಾಪಪಟ್ಟಿಲ್ಲ.

ಭಾರತದ ನೋಟುಗಳನ್ನು 25,000 ರೂಪಾಯಿಗಿಂತ ಹೆಚ್ಚು ಒಯ್ಯುವಂತಿಲ್ಲ. ಚಿನ್ನವನ್ನು ಆದಷ್ಟು ಮನೆಯಲ್ಲೇ ಬಿಡಿರಿ. ಬಿಡಲಾರದವರು ಒಡವೆಗಳ ರಸೀದಿ, ಚಿತ್ರಗಳೊಡನೆ ಹೋಗಿ, ಹೊರಡುವಾಗಲೇ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯಬೇಕು. ಇಲ್ಲವಾದರೆ ಅಜ್ಜಿಯ ಕಾಲದ ಸರವನ್ನೂ ಅಲ್ಲಿಯೇ ಕೊಂಡದ್ದಲ್ಲವೆಂದು ಮರಳುವಾಗ ರುಜುವಾತುಪಡಿಸಬೇಕಾಗುತ್ತದೆ. ಇದಕ್ಕೆ ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ನಿಲ್ದಾಣವು ನಮಗೆ ಹತ್ತಿರವೇ ಎಂದು ಅಲ್ಲಾಳಸಂದ್ರದವರು ಕಡೆಯ ಗಳಿಗೆಯಲ್ಲಿ ಮನೆ ಬಿಡಬಾರದು.