ಮೋಟಾರಿಗಿರುವ ಭಾಗ್ಯ ಲ್ಯಾಪ್‌ಟಾಪಿಗಿಲ್ಲ

ನಮ್ಮೂರಿಗೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಎರಡು ಗಂಟೆಗೆ. ಟಾರ್ಚು ಹಿಡಿದು ತೋಟದ ಮೋಟಾರು ಹಾಕಲು ಹೊರಟ ಅಪ್ಪ, ನಡುಮನೆಯಲ್ಲಿ ಕಪ್ಪು ಪರದೆಯ ಮುಂದೆ ಕೂತಿದ್ದ ನನ್ನನ್ನು ಕಂಡು ನಿಂತರು.

‘ಯಾಕವ್ವಾ, ನಿಂಗೂ ಕರೆಂಟು ಕಾಯೋ ಕೆಲಸವಾ?’

‘ಕರೆಂಟು ಇದೆ ಅಪ್ಪ. ಡ್ರೈವರ್ ಇಲ್ಲ.’

‘ಡ್ರೈವರ್ ಇಲ್ದಿದ್ರೆ ಬಸ್ಸು ಹೋಗಲ್ಲ ಸರಿ. ಇದಕ್ಯಾಕೆ ಡ್ರೈವರ್ರು?’ ಎಂದು ನಗುತ್ತಾ ತೋಟಕ್ಕೆ ಹೋದರು. ಅವತ್ತು ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಕೊಡುತ್ತೇನೆ.

ಈ ಲ್ಯಾಪ್‌ಟಾಪ್ ಅಣ್ಣನದು. 2016ರಲ್ಲಿ ಅವನು ಎಂಜಿನಿಯರಿಂಗ್ ಸೇರಿದಾಗ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಅವನು ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ ಅವನ ಸೈಕಲ್ಲು, ರೇನ್‌ಕೋಟುಗಳ ಜತೆ ಇದೂ ನನ್ನ ಪಾಲಿಗೆ ಬಂತು. ಬ್ಯಾಟರಿ ಸತ್ತಿದೆ, ವೈರು ಕಿತ್ತರೆ ಆರಿಹೋಗುತ್ತದೆ. ಕೀಬೋರ್ಡಿನಲ್ಲಿ ಒಂದು ಹಲ್ಲು ಉದುರಿದೆ. ಉಳಿದಂತೆ ಗುಂಡುಕಲ್ಲು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ ಮುಗಿಯಿತು. ಹೊಸ ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಬೇಕು, ಇಂಟೆಲ್ ಪ್ರೊಸೆಸರಾದರೆ ಬಹುತೇಕ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ನನ್ನದು 6ನೇ ತಲೆಮಾರು. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನೇನೋ ಇಟ್ಟಿದ್ದಾರೆ. ಆಮೇಲೆ? ಓಡುತ್ತಿರುವ ಎತ್ತನ್ನು ವಯಸ್ಸಾಯಿತೆಂದು ಕಟುಕನಿಗೆ ಕೊಟ್ಟ ಹಾಗೆ ಅನ್ನಿಸಿತು. ಹಾಗಾಗಿ ಲಿನಕ್ಸ್ ಮಿಂಟ್ ಹಾಕಿದೆ.

ಲ್ಯಾಪ್‌ಟಾಪ್ ಹಗುರಾಯಿತು, ಬೇಗ ತೆರೆಯತೊಡಗಿತು. ಹೀಗೆ ಹೇಳಿ ಮುಗಿಸಿದರೆ ಲಿನಕ್ಸ್ ಭಕ್ತರ ಭಾಷಣವಾಗುತ್ತದೆ. ನಿಜ ಏನೆಂದರೆ, ಹಾಕಿದ ಮೊದಲ ರಾತ್ರಿಯೇ ಪರದೆ ಕಪ್ಪಾಯಿತು.

ಇದರಲ್ಲಿ ಎರಡು ಗ್ರಾಫಿಕ್ಸ್ ಇವೆ. ಒಂದು ಪ್ರೊಸೆಸರಿನ ಹೊಟ್ಟೆಯೊಳಗೇ ಇರುವುದು, ದಿನನಿತ್ಯದ ಕೆಲಸಕ್ಕೆ. ಇನ್ನೊಂದು ಪ್ರತ್ಯೇಕ ಚಿಪ್ಪು, ಭಾರದ ಕೆಲಸಕ್ಕೆ. ಚಿಪ್ಪಿಗೆ ಅದರದ್ದೇ ಭಾಷೆ. ಆಪರೇಟಿಂಗ್ ಸಿಸ್ಟಮ್ ಹೇಳಿದ್ದನ್ನು ಆ ಭಾಷೆಗೆ ದಾಟಿಸುವ ದುಭಾಷಿಯೇ ಡ್ರೈವರ್. ದುಭಾಷಿ ತಪ್ಪಾದರೆ ಚಿಪ್ಪು ಸುಮ್ಮನಿದ್ದರೂ ಪರವಾಗಿಲ್ಲ, ಕೆಲವೊಮ್ಮೆ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ನನಗಾದದ್ದು ಅದೇ.

ನನಗೆ ಆ ಎರಡನೇ ಚಿಪ್ಪು ಬೇಕೇ ಬೇಕಿತ್ತು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಮ್ಮೂರ ಹಳೆಯ ಕಲ್ಯಾಣಿಯನ್ನು ಬ್ಲೆಂಡರ್‌ನಲ್ಲಿ 3ಡಿ ಮಾಡುತ್ತಿದ್ದೆ. ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಫ್ರೇಮು. ಬರೀ ಪ್ರೊಸೆಸರ್ ನಂಬಿದರೆ ಒಂದು ಫ್ರೇಮಿಗೆ ಹತ್ತು ನಿಮಿಷ, ಒಟ್ಟು 40 ಗಂಟೆ. ಬ್ಯಾಟರಿಯಿಲ್ಲದ ಲ್ಯಾಪ್‌ಟಾಪಿಗೆ ಹಳ್ಳಿಯಲ್ಲಿ 40 ಗಂಟೆ ಬಿಡದೆ ಕರೆಂಟು ಕೊಡುವವರು ಯಾರು? ಚಿಪ್ಪು ಎದ್ದರೆ ಫ್ರೇಮಿಗೆ ಮೂರೇ ನಿಮಿಷ.

ಪೇಟೆಯ ಸರ್ವಿಸ್ ಸೆಂಟರಿಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಕೌಂಟರಿನಲ್ಲಿದ್ದವರು ಮುಚ್ಚಳ ತೆರೆದು ನೋಡಿ ಹಾಗೇ ಮುಚ್ಚಿದರು. ‘ಲಿನಕ್ಸ್ ಹಾಕಿದ್ದೀರಾ ಮೇಡಂ? ಇದಕ್ಕೆ ಸಪೋರ್ಟ್ ಇಲ್ಲ. ವಿಂಡೋಸ್ 10ಕ್ಕೂ ಈಗ ಇಲ್ಲ. ಎಕ್ಸ್‌ಚೇಂಜಿಗೆ ಹಾಕಿ, ಎರಡೂವರೆ ಸಾವಿರ ಕೊಡಿಸ್ತೀನಿ.’ ಬೋರ್ಡು ಸುಟ್ಟಿದೆಯಾ, ಚಿಪ್ಪು ಹೋಗಿದೆಯಾ ಎಂದು ಕೇಳಿದೆ. ‘ಹಾರ್ಡ್‌ವೇರ್ ಏನೂ ಆಗಿಲ್ಲ’ ಎಂದರು! ಏನೂ ಆಗಿಲ್ಲದ ವಸ್ತುವನ್ನು ಗುಜರಿಗೆ ಹಾಕಲು ಹೇಳುವ ವೈದ್ಯರನ್ನು ನಾನು ಅವತ್ತೇ ನೋಡಿದ್ದು. ಮನೆಗೆ ಬಂದು ಹೇಳಿದರೆ ಅಪ್ಪ ಬೇರೇನೂ ಮಾತಾಡದೆ ‘ಹೊಸದಕ್ಕೆ ಎಷ್ಟಾಗುತ್ತೆ?’ ಎಂದರು. ಐವತ್ತೈದು ಸಾವಿರ ಎಂದೆ. ‘ಸೊಸೈಟೀಲಿ ಕೇಳಿ ನೋಡ್ತೀನಿ’ ಎಂದರು. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಇರುವ ಸಾಲದ ಲೆಕ್ಕ ನನಗೂ ಗೊತ್ತು.

ಮುಂದಿನ ಮೂರು ರಾತ್ರಿಗಳ ಕಥೆ ಚಿಕ್ಕದಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲ ರಾತ್ರಿ ಅಣ್ಣ ಫೋನಿನಲ್ಲಿ ಹೇಳಿಕೊಟ್ಟ ಹಾಗೆ, ಆನ್ ಮಾಡುವಾಗ ಬರುವ ಪಟ್ಟಿಯಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ತುದಿಗೆ ‘ನೋಮೋಡ್‌ಸೆಟ್’ ಎಂದು ಸೇರಿಸಿ ಎಫ್10 ಒತ್ತಿದೆ. ಗ್ರಾಫಿಕ್ಸ್ ಚಿಪ್ಪಿನ ತಂಟೆಗೆ ಈಗ ಹೋಗಬೇಡ ಎಂದು ಸಿಸ್ಟಮ್ಮಿಗೆ ಹೇಳುವ ಮಾತು ಅದು. ಅಕ್ಷರಗಳು ಕುಂಬಳಕಾಯಿ ಗಾತ್ರ ಕಂಡರೂ ಪರದೆ ಬೆಳಗಿತು. ಹೀಗೆ ಸೇರಿಸಿದ್ದು ಅದೊಂದು ಸಲಕ್ಕೆ ಮಾತ್ರ. ರೀಸ್ಟಾರ್ಟ್ ಮಾಡಿದರೆ ಮತ್ತೆ ಕತ್ತಲು. ಇದು ತಿಳಿಯದೆ ಅರ್ಧ ಗಂಟೆ ಹಾಳಾಯಿತು.

ಎರಡನೇ ರಾತ್ರಿ ನನ್ನದೇ ದಡ್ಡತನ. ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ಎಂಬುದಿದೆ, ಯಂತ್ರಕ್ಕೆ ಯಾವುದು ಹೊಂದುತ್ತದೆಂದು ಅದೇ ಹೇಳುತ್ತದೆ. ಅದು ತೋರಿಸಿದ್ದು ಹಳೆಯ ಆವೃತ್ತಿ. ಹೊಸದೇ ಒಳ್ಳೆಯದಲ್ಲವೇ ಎಂದು, ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ, ದಿನದ ಡೇಟಾ ಖಾಲಿ ಮಾಡಿ, ಎಲ್ಲಕ್ಕಿಂತ ಹೊಸದನ್ನು ಇಳಿಸಿ ಹಾಕಿದೆ. ಆ ಹೊಸದು ನನ್ನ ಚಿಪ್ಪಿನ ತಲೆಮಾರನ್ನೇ ಕೈಬಿಟ್ಟಿತ್ತು. ಇದ್ದದ್ದೂ ಹೋಯಿತು. ಅದನ್ನು ಕಿತ್ತು ಹಾಕುವಷ್ಟರಲ್ಲಿ ಕೋಳಿ ಕೂಗಿತು.

ಮೂರನೇ ರಾತ್ರಿ ಬುದ್ಧಿ ಬಂದು ಹಳೆಯದನ್ನೇ ಹಾಕಿದೆ. ನಡುವೆ ಒಂದು ಪಾಸ್‌ವರ್ಡ್ ಇಡಲು ಕೇಳಿತು, ಇಟ್ಟೆ. ರೀಸ್ಟಾರ್ಟ್ ಆಗುವಾಗ ಒಂದು ನೀಲಿ ಪರದೆ ಬಂತು. ವೈರಸ್ಸೋ ಏನೋ ಎಂದು ಹೆದರಿ ‘ಕಂಟಿನ್ಯೂ’ ಒತ್ತಿ ದಾಟಿಸಿಬಿಟ್ಟೆ. ಡ್ರೈವರ್ ಏಳಲೇ ಇಲ್ಲ. ‘ಕೀ ವಾಸ್ ರಿಜೆಕ್ಟೆಡ್’ ಎಂದು ಬಯ್ಯುತ್ತಿತ್ತು. ಅಪ್ಪ ಎದ್ದು ಬಂದದ್ದು ಆಗಲೇ.

ಬೆಳಗ್ಗೆ ಅರ್ಥವಾಯಿತು. ಸೆಕ್ಯೂರ್ ಬೂಟ್ ಎಂಬ ಬೀಗವಿದೆ. ಸಹಿ ಇಲ್ಲದ ತಂತ್ರಾಂಶ ಸಿಸ್ಟಮ್ಮಿನ ಗರ್ಭಗುಡಿಗೆ ಹೋಗದಂತೆ ಅದು ತಡೆಯುತ್ತದೆ. ಡ್ರೈವರಿಗೆ ನನ್ನ ಯಂತ್ರದಲ್ಲೇ ಒಂದು ಕೀಲಿಯಿಂದ ಸಹಿ ಬೀಳುತ್ತದೆ. ಆ ಕೀಲಿ ನನ್ನದೇ ಹೌದೆಂದು ನಾನು ಒಪ್ಪಬೇಕು. ಆ ನೀಲಿ ಪರದೆ ಬಂದದ್ದು ಆ ಒಪ್ಪಿಗೆ ಕೇಳಲು. ಮತ್ತೆ ಕೀಲಿ ಸೇರಿಸಲು ಹೇಳಿ, ರೀಸ್ಟಾರ್ಟ್ ಮಾಡಿ, ಈ ಸಲ ‘ಎನ್‌ರೋಲ್ ಮೋಕ್’ ಎಂಬುದನ್ನು ಆರಿಸಿ ಪಾಸ್‌ವರ್ಡ್ ಕೊಟ್ಟೆ. ಎರಡನೇ ಚಿಪ್ಪು ಎದ್ದಿತು. ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಅಷ್ಟು ಇಂಪಾದ ಸದ್ದನ್ನು ಇತ್ತೀಚೆಗೆ ನಾನು ಕೇಳಿಲ್ಲ.

ಇನ್ನು ನನ್ನ ಜಗಳ ಏನೆಂದು ಹೇಳುತ್ತೇನೆ. ನಮ್ಮ ಬೋರಿನ ಮೋಟಾರು ನನಗಿಂತ ಹಿರಿಯದು. ಎಷ್ಟು ಸಲ ಕಾಯಿಲ್ ಸುಟ್ಟಿದೆಯೋ ಲೆಕ್ಕವಿಲ್ಲ. ಪ್ರತಿ ಸಲ ಅಪ್ಪ ಪೇಟೆಯ ವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಆ ಅಂಗಡಿಯ ಅಣ್ಣ ಸುಟ್ಟ ತಂತಿ ಬಿಚ್ಚುವಾಗ ಒಂದೊಂದು ಕಾಯಿಲಿಗೂ ಎಷ್ಟು ಸುತ್ತು, ತಂತಿ ಎಷ್ಟು ಗೇಜು ಎಂದು ಎಣಿಸಿ, ಎಣ್ಣೆ ಹಿಡಿದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಅದೇ ಲೆಕ್ಕದಲ್ಲಿ ಹೊಸ ತಂತಿ ಸುತ್ತುತ್ತಾರೆ. ಮೋಟಾರು ಮಾಡಿದ ಕಂಪನಿ ಇದೆಯೋ ಮುಚ್ಚಿದೆಯೋ ಅವರಿಗೆ ಬೇಕಿಲ್ಲ. ‘ಈ ಮೋಟಾರಿಗೆ ಸಪೋರ್ಟ್ ಮುಗಿದಿದೆ’ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ಗ್ರಾಫಿಕ್ಸ್ ಚಿಪ್ಪಿನ ಲೋಕದಲ್ಲೂ ಇಂಥ ವೈಂಡಿಂಗ್ ಅಣ್ಣಂದಿರಿದ್ದಾರೆ. ಎನ್‌ವಿಡಿಯಾ ಚಿಪ್ಪುಗಳಿಗೆ ‘ನೂವೋ’ ಎಂಬ ಮುಕ್ತ ಡ್ರೈವರ್ ಬರೆದವರು ಕಂಪನಿಯ ಡ್ರೈವರ್ ಚಿಪ್ಪಿಗೆ ಏನೇನು ಆಜ್ಞೆ ಕಳಿಸುತ್ತದೆಂದು ಕದ್ದು ಕೇಳಿಸಿಕೊಂಡು, ಒಂದೊಂದಾಗಿ ಬರೆದಿಟ್ಟುಕೊಂಡು, ವರ್ಷಗಟ್ಟಲೆ ಕೂತು ಅದರ ಭಾಷೆ ಕಲಿತರು. ಅದೂ ಸುತ್ತು ಎಣಿಸುವ ಕೆಲಸವೇ. ಆದರೆ ಜಿಟಿಎಕ್ಸ್ 900 ಸರಣಿಯ ಹೊತ್ತಿಗೆ, ಕಂಪನಿಯ ಸಹಿ ಇಲ್ಲದ ಫರ್ಮ್‌ವೇರನ್ನು ಚಿಪ್ಪು ಒಪ್ಪುವುದಿಲ್ಲವೆಂದಾಯಿತು. ಪರಿಣಾಮ, ಆ ಚಿಪ್ಪುಗಳ ವೇಗ ಏರಿಸುವುದು ಈ ಅಣ್ಣಂದಿರ ಕೈಗೆ ಸಿಗಲಿಲ್ಲ. ಮೊದಲ ಗೇರಿನಲ್ಲೇ ಊರಿಡೀ ಸುತ್ತಿದ ಹಾಗೆ. ಲಿನಕ್ಸ್ ಕರ್ನೆಲ್ಲಿನ ಜನಕ ಲೀನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಈ ಕಂಪನಿಯ ಹೆಸರೆತ್ತಿ ಕ್ಯಾಮೆರಾಗೆ ನಡುಬೆರಳು ತೋರಿಸಿದ್ದು ಪ್ರಸಿದ್ಧ. ಬೆರಳು ತೋರಿಸಿದ್ದು ಸರಿಯಲ್ಲ ಎನ್ನುವವರು ಒಮ್ಮೆ ಕಪ್ಪು ಪರದೆಯ ಮುಂದೆ ಬೆಳಗು ಹರಿಸಿ ನೋಡಲಿ. ಹತ್ತು ವರ್ಷ ಬಿಟ್ಟು, 2022ರ ಮೇ ತಿಂಗಳಲ್ಲಿ, ಅದೇ ಕಂಪನಿ ಡ್ರೈವರಿನ ಕರ್ನೆಲ್ ಭಾಗದ ಕೋಡನ್ನು ಬಹಿರಂಗ ಮಾಡಿತು. ಒಳ್ಳೆಯದೇ. ಆದರೆ ಅದು ಟ್ಯೂರಿಂಗ್ ಮತ್ತು ಅದರ ನಂತರದ ಚಿಪ್ಪುಗಳಿಗೆ. ಸಹಾಯ ಹೆಚ್ಚು ಬೇಕಿದ್ದ ಹಳಬರು ಬಾಗಿಲಾಚೆಯೇ ಉಳಿದರು. ಇನ್ನೊಂದು ಕಡೆ ಎಎಂಡಿ 2007ರಲ್ಲೇ ತನ್ನ ಚಿಪ್ಪುಗಳ ವಿವರಗಳನ್ನು ಮುಕ್ತ ಡ್ರೈವರ್ ಬರೆಯುವವರಿಗೆ ಕೊಡುವುದಾಗಿ ಹೇಳಿ ಕೊಡತೊಡಗಿತು. ಕೊಟ್ಟದ್ದರಿಂದ ಆ ಕಂಪನಿ ಮುಳುಗಿಹೋಗಲಿಲ್ಲ.

ಬೀಗವೇ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನನ್ನು ಒಂದು ರಾತ್ರಿ ಅಳಿಸಿದ ಸೆಕ್ಯೂರ್ ಬೂಟ್ ಮೇಲೆ ನನಗೆ ಸಿಟ್ಟಿಲ್ಲ. ಕಳ್ಳರಿಂದ ಕಾಯುವ ಬೀಗ ಅದು, ಅದರ ಒಂದು ಕೀಲಿ ಮನೆಯವರ ಕೈಗೂ ಸಿಕ್ಕಿತು. ಚಿಪ್ಪಿನೊಳಗಿನ ಇನ್ನೊಂದು ಬೀಗದ ಕೀಲಿ ಮಾತ್ರ ಮಾರಿದವರ ಜೇಬಿನಲ್ಲೇ ಇದೆ. ಮನೆ ಮಾರಿ, ದುಡ್ಡು ಎಣಿಸಿಕೊಂಡು, ಅಟ್ಟದ ಕೀಲಿ ಮಾತ್ರ ಕೊಡೆನೆಂದರೆ ಒಪ್ಪುತ್ತೇವೆಯೇ?

ನನ್ನ ಗೆಳತಿ ಇದನ್ನು ಓದಿ ಒಂದು ಸರಿಯಾದ ಮಾತು ಕೇಳಿದಳು. ‘ಹತ್ತು ವರ್ಷದ ಹಿಂದಿನ ಮಾಲಿಗೆ ಕಂಪನಿ ಇವತ್ತಿಗೂ ಸಂಬಳ ಕೊಟ್ಟು ಜನ ಇಡಬೇಕಾ?’ ಬೇಡ. ಕಂಪನಿ ಕೈಬಿಡಲಿ, ಅದು ವ್ಯಾಪಾರ. ಕೈಬಿಡುವ ದಿನ ಆ ನೋಟ್‌ಬುಕ್ಕನ್ನು, ಅಂದರೆ ಡ್ರೈವರಿನ ಕೋಡು, ಚಿಪ್ಪಿನ ವಿವರ, ಬೀಗದ ಕೀಲಿ ಇವನ್ನು ಕೊಂಡವರ ಕೈಗೆ ಬಿಟ್ಟು ಹೋಗಲಿ. ಸುತ್ತುವವರು ಸುತ್ತಿಕೊಳ್ಳುತ್ತಾರೆ. ಜತೆಗೆ, ಡಬ್ಬದ ಮೇಲೆ ಬೆಲೆ ಅಚ್ಚು ಮಾಡುವ ಹಾಗೆ, ಯಾವ ವರ್ಷದವರೆಗೆ ಡ್ರೈವರ್ ಕೊಡುತ್ತೇವೆಂಬುದನ್ನೂ ಅಚ್ಚು ಮಾಡಲಿ. ಬ್ರೆಡ್ಡಿನ ಪೊಟ್ಟಣಕ್ಕೂ ಕೊನೆಯ ದಿನಾಂಕ ಇರುವಾಗ ಐವತ್ತೈದು ಸಾವಿರದ ವಸ್ತುವಿಗೆ ಯಾಕಿರಬಾರದು?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ವಿಭಾಗಗಳಿವೆ. ರಿಪೇರಿ ನಮ್ಮ ಹಕ್ಕು ಎಂಬ ಮಾತು ಸರ್ಕಾರದ ಬಾಯಲ್ಲಿ ಬಂದದ್ದೇ ಸಂತೋಷ. ಆದರೆ ರಿಪೇರಿ ಎಂದಾಗ ನಮ್ಮ ಕಣ್ಣಿಗೆ ಬರುವುದು ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ. ನನ್ನ ಲ್ಯಾಪ್‌ಟಾಪಿನಲ್ಲಿ ಒಡೆದದ್ದು ಏನೂ ಇರಲಿಲ್ಲ. ಯುರೋಪಿನಲ್ಲಿ 2025ರ ಜೂನ್‌ನಿಂದ ಜಾರಿಗೆ ಬಂದ ನಿಯಮದಂತೆ ಮೊಬೈಲು, ಟ್ಯಾಬ್ಲೆಟ್ಟುಗಳಿಗೆ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ದೊರೆಯಬೇಕು. ನಮ್ಮಲ್ಲೂ ಅಂಥದ್ದು ಬರಲಿ, ಲ್ಯಾಪ್‌ಟಾಪಿಗೂ ಬರಲಿ.

‘ಅಷ್ಟೆಲ್ಲಾ ಯಾಕೆ, ಲಿನಕ್ಸ್ ಹಾಕಿಕೊಳ್ಳಿ ಸಾಕು’ ಎನ್ನುವ ಅಣ್ಣಂದಿರಿಗೂ ಒಂದು ಮಾತು. ನನಗೆ ಫೋನಿನ ತುದಿಯಲ್ಲಿ ಅಣ್ಣನಿದ್ದ, ಮೂರು ರಾತ್ರಿ ಕೂರುವ ಹಟವಿತ್ತು, ಇಂಗ್ಲಿಷಿನಲ್ಲಿ ಬರುವ ಬಯ್ಗುಳ ಓದಲು ಬರುತ್ತಿತ್ತು. ನಮ್ಮೂರ ಜೆರಾಕ್ಸ್ ಅಂಗಡಿಯ ಅಕ್ಕನಿಗೆ ಇದ್ಯಾವುದೂ ಇಲ್ಲ. ಅವರ ಕಂಪ್ಯೂಟರಿಗೂ ನನ್ನದರಷ್ಟೇ ವಯಸ್ಸು. ‘ನೋಮೋಡ್‌ಸೆಟ್ ಸೇರಿಸಿ ಅಕ್ಕಾ’ ಎಂದರೆ ಅವರು ನನ್ನ ಮುಖ ನೋಡುತ್ತಾರೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ನಡೆಯುತ್ತಿದೆ. ಅಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಇದೆ, ಶಿಕ್ಷಕರಿಗೆ ತರಬೇತಿ ಇದೆ. ಬೆನ್ನಿಗೆ ಯಾರಾದರೂ ನಿಂತರೆ ಅದು ಕಷ್ಟವಲ್ಲ. ಯಾರೂ ನಿಲ್ಲದಿದ್ದರೆ, ಉಚಿತ ಎನ್ನುವುದಕ್ಕೆ ನಿದ್ದೆಯ ಬೆಲೆ ಕೊಡಬೇಕಾಗುತ್ತದೆ.

ಕಲ್ಯಾಣಿ ಮುಗಿಯಿತು. ಎರಡು ಸಲ ಕರೆಂಟು ಹೋದರೂ 240 ಫ್ರೇಮೂ ಬಂದವು. ಪ್ರಾಜೆಕ್ಟ್ ಒಪ್ಪಿಸಿ ಬಂದ ದಿನ ಅಪ್ಪನಿಗೆ ತೋರಿಸಿದೆ. ಮೆಟ್ಟಿಲು, ನೀರು, ಮೂಲೆಯ ನಂದಿ ಎಲ್ಲ ನೋಡಿ, ‘ನಮ್ ಕಾಲದಲ್ಲಿ ಇಷ್ಟು ನೀರಿತ್ತು ನೋಡು’ ಎಂದರು. ಸೊಸೈಟಿಯ ಮಾತು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೋದ ವಾರ ಹೊಸ ಕರ್ನೆಲ್ ಬಂದಿದೆ ಎಂದು ಮೂಲೆಯಲ್ಲಿ ಸೂಚನೆ ಬಂತು. ಹೊಸ ಕರ್ನೆಲ್ಲಿಗೆ ಈ ಹಳೆಯ ಡ್ರೈವರ್ ಮತ್ತೆ ಹೊಂದಿಕೊಳ್ಳಬೇಕು. ಹೊಂದದಿದ್ದರೆ ಮತ್ತೆ ಕಪ್ಪು ಪರದೆ. ಬರುವ ತಿಂಗಳು ಪರೀಕ್ಷೆ. ಅದು ಮುಗಿಯುವವರೆಗೆ ಆ ಗುಂಡಿ ಒತ್ತುವುದಿಲ್ಲ ಎಂದು ಅಣ್ಣನಿಗೆ ಹೇಳಿದ್ದೇನೆ.