ಜ್ಞಾನೋಪಕರಣ ಯಾರ ಹೊಣೆ?

ದಿಗಂಬರ ಮುನಿಗಳು ಸರ್ವಸಂಗ ಪರಿತ್ಯಾಗಿಗಳು. ವಸ್ತ್ರವನ್ನೂ ತೊರೆದ ಅವರ ಬಳಿ ಉಳಿಯುವುದು ಪಿಂಛಿ, ಕಮಂಡಲು ಮತ್ತು ಶಾಸ್ತ್ರ ಮಾತ್ರ. ಪಿಂಛಿಯು ಸಂಯಮಕ್ಕೆ, ಕಮಂಡಲುವು ಶೌಚಕ್ಕೆ, ಶಾಸ್ತ್ರವು ಜ್ಞಾನಕ್ಕೆ ಉಪಕರಣ. ಇವು ಪರಿಗ್ರಹವಲ್ಲ. ವಸ್ತುವಿನ ಮೇಲಿನ ಮೂರ್ಛೆ, ಅಂದರೆ ಮಮತೆಯೇ ಪರಿಗ್ರಹವೆಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಮುನಿಗಳು ಈ ಉಪಕರಣಗಳನ್ನು ಕೊಳ್ಳುವುದಿಲ್ಲ. ಶ್ರಾವಕರು ಭಕ್ತಿಯಿಂದ ಅರ್ಪಿಸುತ್ತಾರೆ.

ಇಂದಿನ ವಿದ್ಯಾರ್ಥಿಗೆ ಲ್ಯಾಪ್‌ಟಾಪ್ ಕೂಡ ಒಂದು ಜ್ಞಾನೋಪಕರಣ. 2020ರಲ್ಲಿ ಕೋವಿಡ್‌ನಿಂದಾಗಿ ಪಾಠಗಳು ಆನ್‌ಲೈನ್ ಆದಾಗ ಅದರ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ಅದಿಲ್ಲದ ಮನೆಯ ಮಕ್ಕಳು ಹಿಂದುಳಿದದ್ದೂ ಆಗಲೇ ಕಂಡಿತು. ಕಾಲೇಜುಗಳು ಈಗ ಸ್ವಂತ ಲ್ಯಾಪ್‌ಟಾಪ್ ಕಡ್ಡಾಯವೆಂದು ನಿಯಮ ಮಾಡುವಾಗ ಒಂದು ವಿವೇಕ ಬೇಕು. ‘ಉಪಕರಣ ಬೇಕು’ ಎಂಬುದು ವಿದ್ಯೆಯ ಅಗತ್ಯ. ‘ಸ್ವಂತದ್ದೇ ಇರಬೇಕು’ ಎಂಬುದು ಒಡೆತನದ ಷರತ್ತು. ಕೂಲಿಯಿಂದ ಬದುಕುವ ತಂದೆತಾಯಿ ಸಾಲ ಮಾಡಿಯಾದರೂ ಅದನ್ನು ಪೂರೈಸಬೇಕೆಂದರೆ, ವಿದ್ಯೆಯ ಬಾಗಿಲಿಗೆ ಪರಿಗ್ರಹವನ್ನೇ ಕಾವಲಿಟ್ಟಂತೆ. ಬರಿಗೈಯಲ್ಲಿ ಬಂದವನು ತರಗತಿಯಲ್ಲಿ ತಲೆತಗ್ಗಿಸಿ ಕೂರುವಂತಾದರೆ ಅದೂ ಹಿಂಸೆಯೇ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯೂ ಲಿಪಿಕಾರನ ಕೈಬರಹ. ಓದಬಯಸುವವರು ತಮ್ಮ ಖರ್ಚಿನಲ್ಲೇ ಬರೆಯಿಸಿಕೊಳ್ಳಲಿ ಎಂದು ಆಕೆ ಸುಮ್ಮನಿರಲಿಲ್ಲ. ಆಹಾರ, ಔಷಧ, ಅಭಯಗಳ ಸಾಲಿನಲ್ಲಿ ಶಾಸ್ತ್ರದಾನವನ್ನೂ ಇರಿಸಿದ ಧರ್ಮದ ಆಶಯವನ್ನು ಆಕೆ ಬದುಕಿನಲ್ಲಿ ನಡೆಸಿ ತೋರಿಸಿದಳು.

ಆ ಆಶಯ ಇಂದಿಗೂ ಸಲ್ಲುತ್ತದೆ. ಉಪಕರಣವನ್ನು ಕಡ್ಡಾಯ ಮಾಡುವ ಸಂಸ್ಥೆಯೇ ಅದು ಎಲ್ಲರಿಗೂ ದೊರೆಯುವಂತೆ ನೋಡಿಕೊಳ್ಳಬೇಕು. ಗ್ರಂಥಾಲಯದ ಪುಸ್ತಕದಂತೆ ಲ್ಯಾಪ್‌ಟಾಪನ್ನೂ ಎರವಲು ಕೊಡಬಹುದು. ಕಂಪ್ಯೂಟರ್ ಪ್ರಯೋಗಾಲಯವನ್ನು ಸಂಜೆಯೂ ತೆರೆದಿಡಬಹುದು. ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗವನ್ನು ಆರಾಧಿಸುವ ಶ್ರಾವಕರು, ಮನೆಯಲ್ಲಿ ಬಳಕೆಯಿಲ್ಲದೆ ಉಳಿದ ಲ್ಯಾಪ್‌ಟಾಪನ್ನು ದುರಸ್ತಿ ಮಾಡಿಸಿ ಬಡ ವಿದ್ಯಾರ್ಥಿಯ ಕೈಗಿತ್ತರೆ ಅದು ಈ ಕಾಲದ ಶಾಸ್ತ್ರದಾನ.

ಪಡೆದವನಿಗೂ ಒಂದು ವ್ರತವಿದೆ. ಕಲಿಕೆಗೆ ಸಾಲುವಷ್ಟು ಇದ್ದರೂ ಗೆಳೆಯನ ಬಳಿಯಿರುವ ಹೊಸ ಮಾದರಿಯೇ ಬೇಕೆಂದು ಮನಸ್ಸು ಹಂಬಲಿಸಿದ ಕ್ಷಣವೇ ಜ್ಞಾನೋಪಕರಣವು ಪರಿಗ್ರಹವಾಗುತ್ತದೆ. ಇಷ್ಟೇ ಸಾಕೆಂಬ ಮಿತಿಯನ್ನು ತಾನೇ ಹಾಕಿಕೊಳ್ಳುವುದು ಪರಿಗ್ರಹ ಪರಿಮಾಣ ವ್ರತ. ಓದು ಮುಗಿದ ಮೇಲೆ ಆ ಉಪಕರಣವನ್ನು ಮತ್ತೊಬ್ಬ ವಿದ್ಯಾರ್ಥಿಗೆ ದಾಟಿಸಿದರೆ ದಾನದ ಸರಪಳಿ ಮುಂದುವರಿಯುತ್ತದೆ. ಕೊಡುವವನಲ್ಲಿ ಲೋಭ, ಪಡೆಯುವವನಲ್ಲಿ ಮೂರ್ಛೆ ಕರಗಿದಲ್ಲಿ ಮಾತ್ರ ಜ್ಞಾನವು ನಿಜವಾಗಿ ಬೆಳಗುತ್ತದೆ.