ಧನವು ದನವಾಗಿ ಕಂಡಾಗ

ಕನ್ನಡದ ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಅಂತರವೆಷ್ಟು? ಅಕ್ಷರದ ಅಡಿಯಲ್ಲಿ ಒಂದು ಪುಟ್ಟ ಸೀಳು, ಅಷ್ಟೇ. ಆ ಸೀಳು ಅಳಿಸಿಹೋಯಿತೆಂದರೆ ಧನವೆಲ್ಲ ದನವಾಗಿಬಿಡುತ್ತದೆ. ಅಚ್ಚಿನಲ್ಲಿ ಇಂಥ ಪ್ರಮಾದ ನಡೆದರೆ ಕರಡು ತಿದ್ದುವವರನ್ನು ದೂರಬಹುದು. ಆದರೆ ಮನೆಯ ನಡುಮನೆಯಲ್ಲಿ, ಗಣಕಯಂತ್ರಕ್ಕೆ ಜೋಡಿಸಿದ ಟೆಲಿವಿಷನ್ನಿನ ಮೇಲೆ ನಡೆದರೆ ಯಾರನ್ನು ದೂರುವುದು?

ಕೃಷ್ಣರಾಜಪೇಟೆಯಂಥ ತಾಲ್ಲೂಕು ಪಟ್ಟಣದ ಒಂದು ಸಂಸಾರವನ್ನು ಎಣಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಊರಿನ ಮನೆಗೆ ಕೊಟ್ಟಿದ್ದಾನೆ. ಅದರ ಪರದೆ ಚಿಕ್ಕದು, ಗೋಡೆಯ ಟಿ.ವಿ. ದೊಡ್ಡದು. ಶಾಲೆಗಳು ಮುಚ್ಚಿದ್ದ 2020ರಲ್ಲಿ ಚಂದನ ವಾಹಿನಿಯ ‘ಸಂವೇದ’ ಪಾಠಗಳನ್ನು ಟಿ.ವಿ.ಯಲ್ಲಿಯೇ ನೋಡಿ ಅಭ್ಯಾಸವಾದ ಮನೆ ಅದು. ಲ್ಯಾಪ್‌ಟಾಪಿನ ಪಾಠವನ್ನೂ ಅದರಲ್ಲೇ ನೋಡಬಾರದೇಕೆ? ತಾತನವರಿಗೂ ಜಮೀನಿನ ಪಹಣಿಯನ್ನು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳುವ ಆಸೆ. ತಂತಿ ಸಿಕ್ಕಿಸಿದ್ದಾಯಿತು, ಚಿತ್ರ ಬಂದದ್ದೂ ಆಯಿತು. ಆದರೆ ಅಕ್ಷರಗಳೆಲ್ಲ ಎಣ್ಣೆ ಹತ್ತಿದ ಕಾಗದದ ಮೇಲೆ ಬರೆದಂತೆ ಹರಡಿಕೊಂಡಿವೆ! “ಕನ್ನಡಕ ಬದಲಾಯಿಸಬೇಕು, ತಾತ” ಎಂದು ಮೊಮ್ಮಗಳು ಹೇಳುತ್ತಾಳೆ. ಮೊಮ್ಮಗಳು ಟಿ.ವಿ.ಯ ಹತ್ತಿರಕ್ಕೆ ಸರಿದು ಕಣ್ಣು ಕಿರಿದುಗೊಳಿಸಿ ನೋಡುವುದನ್ನು ಕಂಡು, ಅವಳಿಗೇ ಕನ್ನಡಕ ಬೇಕಾದೀತೆಂದು ತಾಯಿಗೆ ಚಿಂತೆ. ಅಂಗಡಿಗೆ ಹೋದರೆ ಚಿನ್ನದ ಲೇಪವಿರುವ ದುಬಾರಿ ತಂತಿಯನ್ನೋ ಹೊಸ ಟಿ.ವಿ.ಯನ್ನೋ ಮುಂದಿಟ್ಟಾರು. ಬಹುಪಾಲು ಮನೆಗಳಲ್ಲಿ ಈ ಮೂರರಲ್ಲಿ ಯಾವುದೂ ಬೇಕಿಲ್ಲ.

ತಂತಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಈಗ ಎಲ್ಲೆಡೆಯೂ ಇರುವ ಎಚ್‌ಡಿಎಂಐ ತಂತಿಯಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿ ಹರಿಯುತ್ತದೆ. ತಂತಿ ಕೆಟ್ಟಿದ್ದರೆ ಚಿತ್ರ ಮಿನುಗಬಹುದು, ಮಿಂಚಿನ ಚುಕ್ಕೆಗಳು ಹಾರಬಹುದು, ಪರದೆ ಕಪ್ಪಾಗಬಹುದು. ಆದರೆ ಅಕ್ಷರದ ಅಂಚು ಮಾತ್ರ ಮೆಲ್ಲಗೆ ಮಸುಕಾಗಲಾರದು. ಮಸುಕಿಗೆ ತಂತಿಯನ್ನು ಶಂಕಿಸಬೇಕಾದದ್ದು ಹದಿನೈದು ಸೂಜಿಗಳ ನೀಲಿ ಮೂತಿಯ ಹಳೆಯ ವಿಜಿಎ ಜೋಡಣೆಯಲ್ಲಿ. ಅದರಲ್ಲಿ ಪಟ್ಟೆಗಳು ಮೇಲಕ್ಕೆ ತೆವಳುತ್ತಿದ್ದರೆ ಎರಡು ಯಂತ್ರಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ತು ಕೊಟ್ಟು ನೋಡಿ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ಈ ಉಪದ್ರವ ಹೆಚ್ಚು. ತಂತಿಯೇ ಇಲ್ಲದೆ ಗಾಳಿಯಲ್ಲಿ ಚಿತ್ರ ಕಳುಹಿಸುವ ಸೌಕರ್ಯ ಸಿನಿಮಾಕ್ಕೆ ಸೊಗಸು. ಆದರೆ ಅದು ಚಿತ್ರವನ್ನು ಹಿಂಡಿ ಕಳುಹಿಸುವುದರಿಂದ ಓದಿಗೆ ಒಗ್ಗದು.

ಹಾಗಾದರೆ ನಿಜವಾದ ತಪ್ಪು ಎಲ್ಲಿ? ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸುವುದು ಬಹಳ ಸುಲಭ, ಏಕೆಂದರೆ ಟಿ.ವಿ.ಯ ಪರದೆಯೆಂಬುದು ಚುಕ್ಕಿ ಇಟ್ಟ ಅಂಗಳವೇ ಸರಿ. ‘ಎಚ್‌ಡಿ ರೆಡಿ’ ಎಂದು ಮಾರಿದ 32 ಅಂಗುಲದ ಟಿ.ವಿ.ಗಳಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ. ಒಟ್ಟು ಸುಮಾರು ಹತ್ತೂವರೆ ಲಕ್ಷ. ‘ಫುಲ್ ಎಚ್‌ಡಿ’ಯಲ್ಲಿ 1920ಕ್ಕೆ 1080, ಸುಮಾರು ಇಪ್ಪತ್ತು ಲಕ್ಷ ಎಪ್ಪತ್ತು ಸಾವಿರ. ಗಣಕಯಂತ್ರವು ಅಕ್ಷರವನ್ನು ಬರೆಯುವುದೂ ಚುಕ್ಕಿ ಎಣಿಸಿಯೇ. ಕಳುಹಿಸಿದ ಚುಕ್ಕಿಗೂ ಅಂಗಳದ ಚುಕ್ಕಿಗೂ ಲೆಕ್ಕ ಕೂಡಿದರೆ ಗೆರೆ ಗೆರೆಯಾಗಿಯೇ ನಿಲ್ಲುತ್ತದೆ. ಹದಿಮೂರು ಚುಕ್ಕಿಯ ರಂಗೋಲಿಯನ್ನು ಹದಿನೆಂಟು ಚುಕ್ಕಿಯ ಅಂಗಳಕ್ಕೆ ಎಳೆದು ಕೂರಿಸಿದರೆ ಏನಾದೀತು? ಗೆರೆ ಚುಕ್ಕಿಯ ಮೇಲೂ ಬೀಳದು, ನಡುವೆಯೂ ನಿಲ್ಲದು. ಟಿ.ವಿ. ಆಗ ಅಕ್ಕಪಕ್ಕದ ಎರಡು ಚುಕ್ಕಿಗಳಿಗೂ ಅರ್ಧರ್ಧ ಬಣ್ಣ ಹಚ್ಚಿ ರಾಜಿ ಮಾಡುತ್ತದೆ. ಆ ರಾಜಿಯ ಹೆಸರೇ ಮಸುಕು.

ಇದು ತೀರ ಸಾಮಾನ್ಯವಾಗಿ ನಡೆಯುವುದು ಹೀಗೆ. ಹಳೆಯ ಲ್ಯಾಪ್‌ಟಾಪಿನ ಪರದೆ 1366 ಚುಕ್ಕಿಯದು, ಟಿ.ವಿ. 1920 ಚುಕ್ಕಿಯದು. ಎರಡರಲ್ಲೂ ಒಂದೇ ಚಿತ್ರ ಕಾಣುವಂತೆ ಜೋಡಿಸಿದಾಗ ಯಂತ್ರವು ಚಿಕ್ಕ ಲೆಕ್ಕವನ್ನೇ ಎರಡಕ್ಕೂ ಹಾಕಿಬಿಡುವುದುಂಟು. ವಿಂಡೋಸ್ ಚಿಹ್ನೆಯ ಕೀಲಿಯನ್ನೂ ‘ಪಿ’ ಕೀಲಿಯನ್ನೂ ಒಟ್ಟಿಗೆ ಒತ್ತಿ ‘ಎರಡನೆಯ ಪರದೆ ಮಾತ್ರ’ ಎಂಬುದನ್ನು ಆರಿಸಿ. ಬಳಿಕ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಟಿ.ವಿ.ಯ ಸ್ವಂತ ಲೆಕ್ಕವನ್ನು ಕೊಡಿ. ಎಚ್‌ಡಿ ರೆಡಿ ಟಿ.ವಿ. ಇರುವವರು ದೊಡ್ಡ ಅಂಕಿಯೇ ಉತ್ತಮವೆಂದು 1920ಕ್ಕೆ ಕೈಹಾಕಬಾರದು. ಪಟ್ಟಿಯಲ್ಲಿ 1366 ಅಥವಾ 1360 ಇದ್ದರೆ ಅದೇ ಇರಲಿ. ಕೆಲವು ಟಿ.ವಿ.ಗಳು ಎಚ್‌ಡಿಎಂಐ ಮೂಲಕ ಆ ಲೆಕ್ಕವನ್ನು ಒಪ್ಪುವುದಿಲ್ಲ. ಅಂಥ ಕಡೆ ಹಳೆಯ ವಿಜಿಎ ತಂತಿಯೇ ಗೆಲ್ಲುವುದು ಒಂದು ವಿನೋದ.

ಇಷ್ಟಾದರೂ ಮಸುಕು ಉಳಿದರೆ, ಜೊತೆಗೆ ಪರದೆಯ ಮೂಲೆಯ ಗಡಿಯಾರ ಅರ್ಧ ಕತ್ತರಿಸಿಹೋಗಿದ್ದರೆ, ಅದು ಪೂರ್ವಾರ್ಜಿತ ರೋಗ. ದೂರದರ್ಶನಕ್ಕೆ 1982ರಲ್ಲಿ ಬಣ್ಣ ಬಂದ ಕಾಲದ ಗಾಜಿನ ಕೊಳವೆಯ ಪೆಟ್ಟಿಗೆಗಳನ್ನು ನೆನೆಯಿರಿ. ಅವುಗಳಲ್ಲಿ ಚಿತ್ರದ ಅಂಚು ನೆಟ್ಟಗಿರುತ್ತಿರಲಿಲ್ಲ. ವಿದ್ಯುತ್ತಿನ ಒತ್ತಡ ಏರಿಳಿದರೆ ಚಿತ್ರವೂ ಹಿಗ್ಗಿ ಕುಗ್ಗುತ್ತಿತ್ತು. ಆ ಕೊರತೆ ಕಾಣದಿರಲೆಂದು ಚಿತ್ರವನ್ನು ತುಸು ದೊಡ್ಡದಾಗಿ ಬಿಡಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಇಂದಿನ ಚಪ್ಪಟೆ ಪರದೆಗೆ ಕೊಳವೆಯೂ ಇಲ್ಲ, ಓರೆ ಅಂಚೂ ಇಲ್ಲ. ಆದರೂ ಹಲವು ಟಿ.ವಿ.ಗಳು ಅಜ್ಜನ ಕಾಲದ ಪದ್ಧತಿಯನ್ನು ಬಿಟ್ಟಿಲ್ಲ. ಚಿತ್ರವನ್ನು ಹಿಗ್ಗಿಸಿ ಅಂಚನ್ನು ಕತ್ತರಿಸುವಾಗ ಚುಕ್ಕಿಯ ಲೆಕ್ಕ ಮತ್ತೆ ತಪ್ಪುತ್ತದೆ. ರಿಮೋಟಿನ ಮೆನುವಿನಲ್ಲಿ ಚಿತ್ರದ ಅಳತೆಯ ಬಳಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಎಂದು ಕಂಪನಿಗೊಂದು ಹೆಸರಿನ ಆಯ್ಕೆಯಿರುತ್ತದೆ. ಅದನ್ನು ಒತ್ತಿದ ಕ್ಷಣ ಗಡಿಯಾರ ಪೂರ್ತಿಯಾಗಿ ಒಳಗೆ ಬರುತ್ತದೆ, ಅಕ್ಷರದ ಅಂಚೂ ಸ್ಥಿರವಾಗುತ್ತದೆ.

ಇನ್ನುಳಿದದ್ದು ಟಿ.ವಿ.ಯ ಅತ್ಯುತ್ಸಾಹ. ‘ಶಾರ್ಪ್‌ನೆಸ್’ ಎಂಬುದು ಹೆಸರಿಗೆ ತೀಕ್ಷ್ಣತೆ. ಅದು ಮಾಡುವ ಕೆಲಸ ಪ್ರತಿಯೊಂದು ಅಂಚಿನ ಪಕ್ಕದಲ್ಲೂ ಕೃತಕವಾದ ಬೆಳ್ಳನೆಯ ಗೆರೆ ಎಳೆಯುವುದು. ಪಟ್ಟಣದ ಮಗ್ಗುಲಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಹೋಗಿ ತೆಗೆದ ಫೋಟೋಗಳನ್ನು ಇದರಲ್ಲಿ ಹಾಕಿದರೆ, ಹದಿಮೂರನೆಯ ಶತಮಾನದ ಆ ಶಿಲ್ಪಗಳ ಒಡವೆಯ ಗೆರೆಗಳ ಮೇಲೆ ಇನ್ನೊಬ್ಬನು ಉಳಿ ಹಿಡಿದು ಕೆತ್ತಿದಂತೆ ತೋರುತ್ತದೆ. ಫೋಟೋದಲ್ಲಿ ಕೆಲವರಿಗೆ ಅದು ರುಚಿಸೀತು. ಅಕ್ಷರದಲ್ಲಿ ಮಾತ್ರ ವತ್ತು ಮೂಲಾಕ್ಷರದೊಡನೆ ಅಂಟಿಕೊಂಡುಬಿಡುತ್ತದೆ. ಬಿಳಿಯ ಪ್ರಭೆ ಮಾಯವಾಗುವವರೆಗೆ ಅದನ್ನು ತಗ್ಗಿಸಿ. ನೀಲಿ ನೆಲದ ಮೇಲಿನ ಕೆಂಪು ಅಕ್ಷರ ಮಾತ್ರ ಕದಡಿ, ಬಿಳಿಯ ಮೇಲಿನ ಕಪ್ಪು ಚೆನ್ನಾಗಿದ್ದರೆ, ಟಿ.ವಿ. ಬಣ್ಣವನ್ನು ಅರ್ಧ ಚುಕ್ಕಿಗಳಲ್ಲಿ ಉಳಿತಾಯ ಮಾಡುತ್ತಿದೆಯೆಂದರ್ಥ. ಸಿನಿಮಾ ಪ್ರಸಾರಕ್ಕೆ ಈ ಜಿಪುಣತನ ಕಾಣದು. ಹಲವು ಟಿ.ವಿ.ಗಳಲ್ಲಿ ಆ ಎಚ್‌ಡಿಎಂಐ ದ್ವಾರಕ್ಕೆ ‘ಪಿಸಿ’ ಎಂದು ಹೆಸರಿಟ್ಟರೆ ಸಾಕು, ಉತ್ಸಾಹವೂ ಜಿಪುಣತನವೂ ಒಟ್ಟಿಗೆ ಅಡಗುತ್ತವೆ.

ಪರೀಕ್ಷೆಗೆ ಊರಿನ ಹೆಸರಿಗಿಂತ ಉತ್ತಮವಾದದ್ದಿಲ್ಲ. ಯಂತ್ರದಲ್ಲಿ ಸಣ್ಣ ಅಕ್ಷರದಲ್ಲಿ ‘ಕೃಷ್ಣರಾಜಪೇಟೆ’ ಎಂದು ಬರೆಯಿರಿ. ಮೊದಲಕ್ಷರದ ವಟ್ರಸುಳಿ ಕಾಣಬೇಕು, ‘ಷ’ದ ಹೊಟ್ಟೆಯ ಗೆರೆ ‘ಪ’ಕಾರಕ್ಕಿಂತ ಬೇರೆಯಾಗಿ ನಿಲ್ಲಬೇಕು, ಅದರ ಕೆಳಗಿನ ‘ಣ’ವತ್ತು ಮುದ್ದೆಯಾಗಬಾರದು. ಒಂದೊಂದು ಬದಲಾವಣೆಯಾದ ಮೇಲೂ ಆ ಹೆಸರನ್ನು ನೋಡುತ್ತ ಹೋಗಿ. ಇಂಗ್ಲಿಷಿನ ಬಿಡಿ ಅಕ್ಷರಗಳನ್ನು ನೋಡಿ ‘ಸರಿಯಾಯಿತು’ ಎಂದು ಎದ್ದುಬಿಡುವವರಿಗೆ ನಮ್ಮ ವತ್ತುಗಳ ಕಷ್ಟ ತಿಳಿಯದು.

ಅಕ್ಷರ ಚಿಕ್ಕದಾಯಿತೆಂದು ತಾತನವರು ಆಕ್ಷೇಪಿಸಿದರೆ ಚುಕ್ಕಿಯ ಲೆಕ್ಕವನ್ನು ಮಾತ್ರ ತಗ್ಗಿಸಕೂಡದು. ಹಾಗೆ ಮಾಡಿದರೆ ಬಂದ ದಾರಿಗೆ ಸುಂಕವಿಲ್ಲ. ಅದೇ ಸೆಟ್ಟಿಂಗಿನಲ್ಲಿರುವ ‘ಸ್ಕೇಲ್’ ಎಂಬುದನ್ನು 125ಕ್ಕೋ 150ಕ್ಕೋ ಏರಿಸಿ. ವಿಂಡೋಸಿನ ‘ತುಂಗಾ’, ‘ನಿರ್ಮಲಾ’ ಮುಂತಾದ ಕನ್ನಡ ಅಕ್ಷರಗಳು ಯಂತ್ರದಲ್ಲಿ ಚುಕ್ಕಿಗಳಾಗಿರದೆ ಬಾಗುಗೆರೆಗಳಾಗಿ ಕುಳಿತಿವೆ. ಎಷ್ಟು ದೊಡ್ಡದು ಬೇಕೋ ಅಷ್ಟಕ್ಕೆ ಹೊಸದಾಗಿ ಬರೆಸಿಕೊಳ್ಳಬಹುದು. ಇನ್ನು ಮೊಮ್ಮಗಳನ್ನು ಆರಡಿ ಹಿಂದಕ್ಕೆ ಕೂರಿಸಿ. 32 ಅಂಗುಲದ ಎಚ್‌ಡಿ ರೆಡಿ ಪರದೆಯ ಚುಕ್ಕಿ ಸುಮಾರು ಅರ್ಧ ಮಿಲಿಮೀಟರು. ಆರಡಿಯಿಂದ ಆರೋಗ್ಯವಂತ ಕಣ್ಣಿಗೆ ಅದು ಬಿಡಿಬಿಡಿಯಾಗಿ ತೋರದು, ಅಕ್ಷರ ಒಂದಾಗಿ ತೋರುತ್ತದೆ. ಇಷ್ಟೆಲ್ಲ ಸರಿಪಡಿಸಿದ ಬಳಿಕವೂ ಅವಳು ಕಣ್ಣು ಕಿರಿದುಗೊಳಿಸಿದರೆ, ಆಗ ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ.